ಮನಸ್ಸಿನ ಮದ್ದು ಹಳ್ಳಿಗೆ ಬಂದ ಬಗೆ

ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಮರುಳಸಿದ್ಧಪ್ಪ ಎಂಬುದು ಬಹು ಸಾಮಾನ್ಯವಾದ ಹೆಸರು. ಉಜ್ಜಿನಿಯ ಮರುಳಸಿದ್ಧನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಅಜ್ಜನಿಗಾದರೂ ಮೊಮ್ಮಗನಿಗಾದರೂ ಆ ಹೆಸರು ಇದ್ದೇ ಇರುತ್ತದೆ. ‘ಮರುಳು’ ಎಂಬ ಮಾತು ದೇವರ ಹೆಸರಿನೊಳಗೆ ಸೇರಿದಾಗ ಜನ ಕೈ ಮುಗಿಯುತ್ತಾರೆ. ಅದೇ ಮಾತು ಮನೆಯ ಹುಡುಗನೊಬ್ಬನಿಗೆ ಅಂಟಿಕೊಂಡರೆ ಕದ ಹಾಕಿಕೊಳ್ಳುತ್ತಾರೆ. ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. ಆದರೆ ಈ ಒಂದು ಮಾತಿನ ಎರಡು ಮುಖಗಳನ್ನು ನಾನು ಅರಿತದ್ದು ನಿಘಂಟಿನಿಂದಲ್ಲ, ನನ್ನ ಸೋದರಮಾವನಿಂದ.

ಹೋದ ವರ್ಷ ಅಜ್ಜಿಯ ಮನೆಯನ್ನು ತೆರವು ಮಾಡುತ್ತಿದ್ದಾಗ, ಅವಳ ತಗಡಿನ ಟ್ರಂಕಿನಲ್ಲಿ, ಹಳೆಯ ಪಂಚಾಂಗ ಮತ್ತು ಹೊಲದ ಕಾಗದಗಳ ನಡುವೆ, ದಪ್ಪ ಕಾಗದದ ಒಂದು ಚೀಟಿ ಸಿಕ್ಕಿತು. ಮೇಲೆ ಮಾವನ ಹೆಸರು. ಕೆಳಗೆ ತಾರೀಖು ಬರೆಯಲು ಗೆರೆ ಎಳೆದ ಮನೆಗಳು. ಮೊದಲ ತಾರೀಖು 1987ರ ಜೂನಿನದು. ಅಲ್ಲಿಂದ ತಿಂಗಳಿಗೊಂದರಂತೆ ತುಂಬುತ್ತ ಬಂದು, 1989ರ ಜನವರಿಯ ಹೊತ್ತಿಗೆ ಬರವಣಿಗೆ ನಿಂತುಹೋಗಿದೆ. ಉಳಿದ ಮನೆಗಳೆಲ್ಲ ಖಾಲಿ. ಶಾಸನಗಳನ್ನು ಓದುವವರು ಕಲ್ಲು ಒಡೆದುಹೋದ ಜಾಗದಲ್ಲಿಯೂ ಅರ್ಥ ಹುಡುಕುತ್ತಾರಷ್ಟೆ. ನನಗೂ ಈ ಚೀಟಿಯಲ್ಲಿ ತುಂಬಿದ ಮನೆಗಳಷ್ಟೇ ಖಾಲಿ ಮನೆಗಳೂ ಮಾತನಾಡಿದುವು.

ಮಾವನಿಗೆ ಕಾಯಿಲೆ ಶುರುವಾದದ್ದು ಅವನ 22ನೆಯ ವಯಸ್ಸಿನಲ್ಲಿ. ಮೊದಲು ನಿದ್ದೆ ಹೋಯಿತು; ಆಮೇಲೆ ಊಟ. ಯಾರೋ ಕಿವಿಯಲ್ಲಿ ಬೈಯುತ್ತಾರೆಂದು ಕಿವಿ ಮುಚ್ಚಿಕೊಂಡು ಓಡಾಡತೊಡಗಿದ. ಮಂತ್ರಿಸಿದ ತಾಯಿತ ಕಟ್ಟಿಸಿದರು, ಗುಡಿಯಲ್ಲಿ ಒಂಬತ್ತು ಅಮಾವಾಸ್ಯೆ ಮಲಗಿಸಿದರು. ಕೊನೆಗೆ ದನದ ಕೊಟ್ಟಿಗೆಗೆ ಹೊಂದಿದ ಕೋಣೆಯೇ ಅವನಿಗೆ ಗತಿಯಾಯಿತು. ‘ಧಾರವಾಡಕ್ಕೆ ಕಳಿಸಿರಿ’ ಎಂದು ಊರವರು ಹೇಳುತ್ತಿದ್ದರು. ಬೆಂಗಳೂರಿನ ಕಡೆಯವರಿಗೆ ‘ನಿಮ್ಹಾನ್ಸ್’ ಹೇಗೋ ಹಾಗೆ ನಮ್ಮ ಕಡೆಯವರಿಗೆ ‘ಧಾರವಾಡ’. ಅದು ಊರಿನ ಹೆಸರಲ್ಲ, ಶಾಪದ ಹೆಸರು. ಅಜ್ಜಿ ಒಪ್ಪಲಿಲ್ಲ.

ಆಗ ಒಂದು ದಿನ ಆರೋಗ್ಯ ಕೇಂದ್ರದ ಸಿಸ್ಟರು ಬಂದರು. ಅವರು ನಮಗೆ ಹೊಸಬರಲ್ಲ. ಬಾಣಂತಿಯರನ್ನು ನೋಡಲು, ಕೂಸುಗಳಿಗೆ ಚುಚ್ಚುಮದ್ದು ಹಾಕಲು ಬರುತ್ತಿದ್ದವರೇ. ಆ ದಿನ ಮಾತ್ರ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಅಜ್ಜಿಯನ್ನು ಕೇಳಿದರು: “ಅಮ್ಮಾ, ನಿಮ್ಮ ಮಗ ರಾತ್ರಿ ನಿದ್ದೆ ಮಾಡ್ತಾರಾ?”

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, “ನಿದ್ದಿ ಎಲ್ಲೀದವ್ವಾ? ಮೂರು ವರ್ಷಾತು, ಈ ಮನ್ಯಾಗ ಯಾರೂ ನಿದ್ದಿ ಮಾಡಿಲ್ಲ” ಎಂದಳು.

ನಾನಾಗ ಮೂರನೆಯ ಇಯತ್ತೆಯ ಹುಡುಗ, ಬಾಗಿಲ ಮರೆಯಲ್ಲಿ ನಿಂತಿದ್ದೆ. ಆ ಮೂರು ವರ್ಷಗಳಲ್ಲಿ ‘ಹುಚ್ಚು ಹೇಗಿದೆ?’ ಎಂದು ಕೇಳಿದವರು ಬಹಳ ಮಂದಿ; ನಿದ್ದೆಯನ್ನು ಕೇಳಿದವರು ಸಿಸ್ಟರೊಬ್ಬರೇ. ಆ ಪ್ರಶ್ನೆ ಅವರಿಗೆ ತಾನಾಗಿ ಹೊಳೆದದ್ದಲ್ಲ, ಯಾರೋ ಅವರಿಗೆ ಕಲಿಸಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕಲಿಸಿದವರು ಯಾರು, ಕಲಿಸಬೇಕೆಂಬ ಬುದ್ಧಿ ಎಲ್ಲಿಂದ ಬಂದಿತು ಎಂಬ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ.

ಬೆಂಗಳೂರಿನಲ್ಲಿ ಹುಚ್ಚರ ಆಶ್ರಯಾಲಯವೊಂದು 1847ರಲ್ಲಿಯೇ ಹುಟ್ಟಿತ್ತು. ಮೈಸೂರು ಸರ್ಕಾರ 1925ರಲ್ಲಿ ಅದರ ಹೆಸರನ್ನು ‘ಮಾನಸಿಕ ಆಸ್ಪತ್ರೆ’ ಎಂದು ಬದಲಿಸಿತು. ಹೆಸರು ಬದಲಾದದ್ದು ಸಣ್ಣ ಸಂಗತಿಯಲ್ಲ. ಕೂಡಿಹಾಕುವ ಮನೆ ವಾಸಿಮಾಡುವ ಮನೆಯಾಗಬೇಕೆಂಬ ಸಂಕಲ್ಪ ಅದರಲ್ಲಿತ್ತು. ಆದರೆ ಇಡೀ ದೇಶದ ಲೆಕ್ಕವೇನು? ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ಕೊಟ್ಟ ವರದಿ ಅದನ್ನು ಬಿಚ್ಚಿಹೇಳಿತು. ಸಾವಿರಕ್ಕೆ 2 ಮಂದಿಗೆ ಮಾತ್ರ ಕಾಯಿಲೆಯೆಂದು ಹಿಡಿದರೂ 8 ಲಕ್ಷ ಹಾಸಿಗೆಗಳು ಬೇಕು. ಇರುವುವು 10 ಸಾವಿರಕ್ಕೆ ತುಸು ಮೇಲೆ. ಈ ಕೊರತೆಯನ್ನು ಕಟ್ಟಡ ಕಟ್ಟಿ ತುಂಬುವುದು ಯಾವ ಸರ್ಕಾರಕ್ಕೂ ಸಾಧ್ಯವಿರಲಿಲ್ಲ. ತಜ್ಞರನ್ನು ತಯಾರು ಮಾಡಲೆಂದು ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಯಿತು. ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರ ಡಿಸೆಂಬರಿನಲ್ಲಿ ಒಂದುಗೂಡಿ ಇಂದಿನ ನಿಮ್ಹಾನ್ಸ್ ಆಯಿತು. ಆದರೂ ತಜ್ಞರ ಸಂಖ್ಯೆ ನೂರುಗಳಲ್ಲಿ, ರೋಗಿಗಳ ಸಂಖ್ಯೆ ಲಕ್ಷಗಳಲ್ಲಿ.

ಈ ನಡುವೆ ಎರಡು ಸಂಗತಿಗಳು ನಡೆದುವು. ಫ್ರಾನ್ಸಿನಲ್ಲಿ 1952ರ ಸುಮಾರಿಗೆ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಬಳಕೆಗೆ ಬಂದಿತು. ಕಿವಿಯಲ್ಲಿ ಬೈಯುವ ದನಿಗಳನ್ನು ತಗ್ಗಿಸಬಲ್ಲ ಮಾತ್ರೆ ಅದು. ಬೀಗ ಹಾಕಿದ ಕೋಣೆಯಿಲ್ಲದೆಯೂ ರೋಗಿಯನ್ನು ನೋಡಿಕೊಳ್ಳಬಹುದೆಂಬುದು ಅದರಿಂದ ತಿಳಿಯಿತು. ಎರಡನೆಯದು ಅಮೃತಸರದಲ್ಲಿ ನಡೆದದ್ದು. ಅಲ್ಲಿನ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರ್ ಅವರು 1950ರ ದಶಕದಲ್ಲಿ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಅಂಗಳಕ್ಕೇ ಕರೆಸಿ, ಡೇರೆಗಳಲ್ಲಿ ರೋಗಿಯ ಜೊತೆಗೆ ಇರಿಸಿದರು. ರೋಗಿಗಳು ಬೇಗ ಚೇತರಿಸಿಕೊಂಡರು. ಮನೆಗೆ ಹಿಂದಿರುಗಿದ ಬಂಧುಗಳು ತಾವು ಕಂಡದ್ದನ್ನು ಊರಿಗೆ ಹೇಳಿದರು. ತಾಯಿ, ತಮ್ಮ, ಹೆಂಡತಿ—ಇವರು ಚಿಕಿತ್ಸೆಗೆ ಅಡ್ಡಿಯಲ್ಲ, ಕೈಯಾಳುಗಳು ಎಂಬುದು ಆ ಡೇರೆಗಳಲ್ಲಿ ಸಿದ್ಧವಾಯಿತು. ಓದುಬರಹದ ತಜ್ಞನಲ್ಲದವನೂ ಮನಸ್ಸಿನ ಕಾಯಿಲೆಯ ಆರೈಕೆ ಮಾಡಬಲ್ಲನೆಂಬ ನಂಬಿಕೆಗೆ ನಮ್ಮ ದೇಶದಲ್ಲಿ ಬಿದ್ದ ಮೊದಲ ತಳಗಲ್ಲುಗಳಲ್ಲಿ ಅದೂ ಒಂದು.

ಇನ್ನು ನಮ್ಮ ನಾಡಿನ ಸಂಗತಿ. ಶಿವರಾಮ ಕಾರಂತರು ಹುಟ್ಟಿದ ಕೋಟ ಕನ್ನಡ ಓದುಗರಿಗೆಲ್ಲ ಗೊತ್ತಿರುವ ಊರು. ಮನೋವೈದ್ಯರ ಲೋಕದಲ್ಲಿಯೂ ಅದಕ್ಕೆ ಹೆಸರುಂಟೆಂಬುದು ಹೆಚ್ಚು ಜನಕ್ಕೆ ತಿಳಿಯದು. ಭಾರತದಲ್ಲಿಯೇ ಹುಟ್ಟಿದ ಸ್ಕಾಟ್ಲೆಂಡಿನ ವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಡಾಕ್ಟರ್ ರವಿ ಕಪೂರ್ ಅವರು ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳನ್ನು ಹೊಕ್ಕು ಜನರ ಮನಸ್ಸಿನ ಸುಖದುಃಖಗಳನ್ನು ವಿಚಾರಿಸಿ, 1976ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ವಿದೇಶದ ಪ್ರಶ್ನಾವಳಿಯನ್ನು ಹಾಗೆಯೇ ತಂದು ಓದಿಹೇಳಿದರೆ ಹಳ್ಳಿಯವರು ಬಾಯಿ ಬಿಡುವುದಿಲ್ಲವೆಂದು, ಇಲ್ಲಿನವರಿಗೆ ಒಪ್ಪುವ ಸಂದರ್ಶನ ಕ್ರಮವೊಂದನ್ನೇ ಅವರು ಹೊಸದಾಗಿ ಕಟ್ಟಬೇಕಾಯಿತು. ಅಲ್ಲಿ ಅವರು ಕಂಡದ್ದೇನು? ನೊಂದವರು ವೈದ್ಯರ ಬಳಿಗೂ ಹೋಗುತ್ತಾರೆ, ಮಂತ್ರವಾದಿಯ ಬಳಿಗೂ ಹೋಗುತ್ತಾರೆ, ಮೈಮೇಲೆ ದೈವ ಬರುವ ಪಾತ್ರಿಯ ಬಳಿಗೂ ಹೋಗುತ್ತಾರೆ. ಒಂದಕ್ಕೆ ಹೋದರೆ ಇನ್ನೊಂದಕ್ಕೆ ಹೋಗಬಾರದೆಂಬ ಕಟ್ಟು ಅವರಿಗಿಲ್ಲ. ನಮ್ಮ ಅಜ್ಜಿಯೂ ಹಾಗೆಯೇ. ಸಿಸ್ಟರು ಕೊಡಿಸಿದ ಮಾತ್ರೆ ನುಂಗಿಸುತ್ತ, ತಾಯಿತವನ್ನೂ ಬಿಚ್ಚದೆ ಉಳಿಸಿದಳು. ಸಿಸ್ಟರೂ ಅದನ್ನು ಬಿಚ್ಚು ಎನ್ನಲಿಲ್ಲ.

ಕಪೂರ್ ಅವರು ನಿಮ್ಹಾನ್ಸಿಗೆ ಬಂದ ಮೇಲೆ 1975ರಲ್ಲಿ ಅಲ್ಲಿ ಸಮುದಾಯ ಮನೋವೈದ್ಯ ಘಟಕವೊಂದು ಹುಟ್ಟಿತು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಅದೇ ಕಾಲಕ್ಕೆ ಚಂಡೀಗಢದ ಡಾಕ್ಟರ್ ವಿಗ್ ಅವರ ತಂಡ ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಇಂಥದೇ ಪ್ರಯೋಗಕ್ಕೆ ಕೈಹಾಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ 7 ದೇಶಗಳಲ್ಲಿ ಕೈಗೊಂಡಿದ್ದ ಅಧ್ಯಯನದ ಭಾಗ ಅದು. ನಮ್ಮ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿಯೂ ಆಗ ಬದಲಾವಣೆಯ ಕಾಲ. ಅಲ್ಲಿಯ ತನಕ ಮಲೇರಿಯಕ್ಕೊಬ್ಬ, ಸಿಡುಬಿಗೊಬ್ಬ, ಕುಟುಂಬ ಯೋಜನೆಗೊಬ್ಬ ಎಂದು ಬೇರೆಬೇರೆ ನೌಕರರಿದ್ದರು. ಕರ್ತಾರ್ ಸಿಂಗ್ ಸಮಿತಿ 1973ರಲ್ಲಿ, ಎಲ್ಲ ಕೆಲಸಕ್ಕೂ ಒಬ್ಬರೇ ಮನೆಮನೆಗೆ ಹೋಗಲಿ ಎಂದಿತು. ಮನೆ ಬಾಗಿಲಿಗೆ ಹೇಗೂ ಹೋಗುವವರು ಮನಸ್ಸನ್ನೂ ಏಕೆ ವಿಚಾರಿಸಬಾರದು? ಸಕಲವಾರದಲ್ಲಿ ಕೇಳಿಕೊಂಡ ಪ್ರಶ್ನೆ ಇಷ್ಟೆ.

ಆಕ್ಷೇಪಣೆಗಳಿಗೇನು ಕಡಮೆ? ಡಾಕ್ಟರು ಹತ್ತು ವರ್ಷ ಓದಿ ಕಲಿಯುವುದನ್ನು ಆರೋಗ್ಯ ಸಹಾಯಕಿ ಕೆಲವು ದಿನಗಳಲ್ಲಿ ಕಲಿತಾಳೆಯೆ? ತಪ್ಪು ಮಾಡಿದರೆ? ಇವಕ್ಕೆ ಉತ್ತರ ದೊರೆತದ್ದು ಪಾಠಕ್ಕೆ ಎಲ್ಲೆ ಹಾಕಿದ್ದರಿಂದ. ಪಾಠದ ಒಳ್ಳೆಯತನ ಇರುವುದು ಏನನ್ನು ಸೇರಿಸಿದೆವು ಎಂಬುದರಲ್ಲಿ ಮಾತ್ರವಲ್ಲ, ಏನನ್ನು ಬಿಟ್ಟೆವು ಎಂಬುದರಲ್ಲಿಯೂ ಇದೆ. ಮೇಷ್ಟರಾದವರಿಗೆಲ್ಲ ಈ ಮಾತು ಗೊತ್ತು. ಅವರು ಆರಿಸಿಕೊಂಡದ್ದು ಮುಖ್ಯವಾಗಿ ನಾಲ್ಕು: ಬುದ್ಧಿ ಕೆಡುವ ತೀವ್ರ ಕಾಯಿಲೆ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯ. ಮೂರ್ಛೆರೋಗ ಮನಸ್ಸಿನದಲ್ಲ, ಮಿದುಳಿನದು. ಆದರೂ ಹಳ್ಳಿಯಲ್ಲಿ ಅದನ್ನೂ ಗಾಳಿಯ ಲೆಕ್ಕಕ್ಕೇ ಹಾಕುತ್ತಿದ್ದರು. ಅದಕ್ಕೆ ಕೊಡುವ ಫೀನೊಬಾರ್ಬಿಟೋನ್ ಮಾತ್ರೆ ಬಹು ಅಗ್ಗ. ಹತ್ತು ವರ್ಷ ಬೀಳುತ್ತಿದ್ದ ಹುಡುಗಿ ಬೀಳುವುದು ನಿಂತರೆ, ಊರಿಗೆ ಬೇರೆ ಉಪದೇಶ ಬೇಕೆ?

ಸಹಾಯಕಿ ರೋಗಕ್ಕೆ ಶಾಸ್ತ್ರೀಯ ಹೆಸರಿಡಬೇಕಾಗಿರಲಿಲ್ಲ. ತಾನೇ ಔಷಧಿ ನಿರ್ಣಯಿಸಬೇಕಾಗಿಯೂ ಇರಲಿಲ್ಲ. ಅದು ಆರೋಗ್ಯ ಕೇಂದ್ರದ ಡಾಕ್ಟರ ಕೆಲಸ. ಅವರಿಗೆ ಬೇರೆ ತರಬೇತಿ. ಆಕೆಯ ಪಾಲಿನದು ಗುರುತಿಸುವುದು, ಕೇಂದ್ರಕ್ಕೆ ಕಳಿಸುವುದು, ಮಾತ್ರೆ ತಪ್ಪದಂತೆ ನೋಡುವುದು, ಮನೆಯವರಿಗೆ ತಿಳಿಹೇಳುವುದು, ಮತ್ತೆ ಬರುವುದು. ಡಾಕ್ಟರುಗಳಾದ ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್, ಆರ್. ಶ್ರೀನಿವಾಸ ಮೂರ್ತಿ ಮೊದಲಾದವರು ಈ ನೌಕರರಿಗಾಗಿಯೇ ಕೈಪಿಡಿಗಳನ್ನು ಬರೆದರು. ಮುಂದೆ ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಬರೆದ ಪುಸ್ತಕಗಳನ್ನು ಓದದ ಮನೆಗಳು ನಮ್ಮ ನಾಡಿನ ಪಟ್ಟಣಗಳಲ್ಲಿ ಕಡಮೆ.

ಭಾಷೆಯ ವಿದ್ಯಾರ್ಥಿಯಾಗಿ ನನ್ನನ್ನು ಸೆಳೆಯುವುದು ಈ ಪಾಠದ ಇನ್ನೊಂದು ಮುಖ. ‘ನಿಮಗೆ ಖಿನ್ನತೆ ಇದೆಯೆ?’ ಎಂದರೆ ಹಳ್ಳಿಯ ಹೆಂಗಸು ಏನು ಹೇಳಿಯಾಳು? ಆ ಪದ ನಮ್ಮ ತರಗತಿಗೆ ಸೇರಿದ್ದು. ಆಕೆ ಹೇಳುವುದು, ಎದೆ ಭಾರ ಐತಿ, ಮೈಕೈ ನೋವು, ತಲೆ ಉರೀತೈತಿ, ಒಲೆ ಮುಂದೆ ಕೂತರೆ ಏಳಾಕ ಮನಸಾಗಲ್ಲ ಎಂದು. ಮೈಯ ಮಾತಿನಲ್ಲಿ ಮನಸ್ಸು ಅಡಗಿ ಕೂತಿರುತ್ತದೆ. ದೂರದ ಆಸ್ಪತ್ರೆಯ ತಜ್ಞನಿಗಿಂತ, ಅದೇ ಬಾವಿಯ ನೀರು ಕುಡಿದು ಅದೇ ಮಾತಾಡುವ ಸಹಾಯಕಿಗೆ ಅದು ಬೇಗ ಕೇಳಿಸುತ್ತದೆ. ತರಬೇತಿ ಆಕೆಗೆ ಹೊಸ ಕಿವಿ ಕೊಡಲಿಲ್ಲ. ಇದ್ದ ಕಿವಿಗೆ ಏನನ್ನು ಕೇಳಬೇಕೆಂದು ಹೇಳಿಕೊಟ್ಟಿತು.

ಸಕಲವಾರದಲ್ಲಿಯೂ ರಾಯ್‌ಪುರ್ ರಾಣಿಯಲ್ಲಿಯೂ ಕೆಲಸ ನಡೆಯುತ್ತದೆಂದು ಕಂಡ ಮೇಲೆ, 1982ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಆದರೆ ಒಂದೆರಡು ಆರೋಗ್ಯ ಕೇಂದ್ರಗಳಲ್ಲಿ ನಡೆದದ್ದು ಇಡೀ ಜಿಲ್ಲೆಯಲ್ಲಿ ನಡೆದೀತೆ? ಪರೀಕ್ಷೆಗೆ ಆರಿಸಿದ್ದು ಬೆಂಗಳೂರಿಗೆ ಸುಮಾರು 300 ಕಿಲೋಮೀಟರು ದೂರದ ಬಳ್ಳಾರಿಯನ್ನು. 1981ರ ಜನಗಣತಿಯಲ್ಲಿ 15 ಲಕ್ಷದ ಸುಮಾರು ಜನ. ಕೂಡ್ಲಿಗಿ, ಹೊಸಪೇಟೆಗಳೂ ಆಗ ಅದಕ್ಕೇ ಸೇರಿದ್ದುವು. 2021ರಿಂದ ಅವು ವಿಜಯನಗರ ಜಿಲ್ಲೆಯಲ್ಲಿವೆ. 1980ರ ದಶಕದ ನಡುವಿನಿಂದ ಕೊನೆಯವರೆಗೆ ಅಲ್ಲಿ ಡಾಕ್ಟರಿಗೂ ಆರೋಗ್ಯ ಸಹಾಯಕರಿಗೂ ತರಬೇತಿ ನಡೆಯಿತು. ಅಗತ್ಯವಾದ ಕೆಲವೇ ಔಷಧಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಒದಗಿಸಿದರು. ದಾಖಲೆ ಇಡುವ ಸರಳ ಕ್ರಮ ಹಾಕಿಕೊಟ್ಟರು. ಜಿಲ್ಲೆಯ ಮಟ್ಟದಲ್ಲಿ ತಜ್ಞರ ತಂಡವಿದ್ದು ತಿಂಗಳು ತಿಂಗಳೂ ಕೆಲಸವನ್ನು ಪರಿಶೀಲಿಸುತ್ತಿತ್ತು. ನನ್ನ ಅಜ್ಜಿಯ ಟ್ರಂಕಿನ ಚೀಟಿ ಆ ಕಾಲದ್ದು.

ಮಾವನನ್ನು ಸಿಸ್ಟರು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲಿಲ್ಲ. ಹೊರಡಲು ಅವನೇ ಒಪ್ಪುವವರೆಗೆ ಮೂರು ಸಲ ಬಂದರು. ಮಾತ್ರೆ ಶುರುವಾದ ಮೇಲೆ ಕೈ ನಡುಗತೊಡಗಿ ಅಜ್ಜಿ ಹೆದರಿದಾಗ, ಅದು ಮದ್ದಿನ ಗುಣ, ಡಾಕ್ಟರಿಗೆ ಹೇಳಿದರೆ ಅದಕ್ಕೂ ಮಾತ್ರೆ ಉಂಟು ಎಂದು ಧೈರ್ಯ ಹೇಳಿದರು. ದೀಪಾವಳಿಯ ಹೊತ್ತಿಗೆ ಮಾವ ಎತ್ತು ತೊಳೆಯಲು ಹಳ್ಳಕ್ಕೆ ಹೋದ. ಮರುವರ್ಷ ಕಡಲೆಕಾಯಿ ಕಿತ್ತ. ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಒಯ್ದದ್ದು ಅದೇ ವರ್ಷ.

ಆಮೇಲೆ ಖಾಲಿ ಮನೆಗಳು. ಸಿಸ್ಟರಿಗೆ ವರ್ಗವಾಯಿತು, ಅದು ಯಾರ ತಪ್ಪೂ ಅಲ್ಲ, ನೌಕರಿ ಎಂದ ಮೇಲೆ ವರ್ಗವೂ ಉಂಟು. ಅವರ ಜಾಗಕ್ಕೆ ಬಂದವರಿಗೆ ಆ ಪಾಠ ಆಗಿರಲಿಲ್ಲ. ಮಗ ಚೆನ್ನಾಗಿದ್ದಾನಲ್ಲ ಎಂದು ಅಜ್ಜಿಯೂ ಮಾತ್ರೆ ನಿಲ್ಲಿಸಿದಳು. ಒಂದು ವರ್ಷ ಕಳೆಯುವುದರೊಳಗೆ ಆ ದನಿಗಳು ಮತ್ತೆ ಬಂದುವು. ಮಾವನನ್ನು ಜೀಪಿನಲ್ಲಿ ಕೂರಿಸಿಕೊಂಡು ಧಾರವಾಡಕ್ಕೇ ಹೋಗಬೇಕಾಯಿತು. ಹೋಗಿ ನೋಡಿದರೆ ಅದು ಶಾಪವಲ್ಲ, ಆಸ್ಪತ್ರೆಯೇ ಎಂದು ಅಜ್ಜಿಗೆ ತಿಳಿಯಿತು. ಮಾವ ಮರಳಿ ಬಂದ. ಮುಂದೆ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಳ್ಳಾರಿಯಿಂದ ಮಾತ್ರೆ ತರುತ್ತ 60 ದಾಟುವವರೆಗೆ ಬದುಕಿದ. ಆದರೆ ಕಳೆದುಹೋದ ಆ ವರ್ಷವನ್ನೂ, ಕೈಗೆ ಬಂದು ತಪ್ಪಿದ ಒಂದು ಮದುವೆಯ ಮಾತನ್ನೂ ಮನೆಯವರು ಮರೆಯಲಿಲ್ಲ.

ನಮ್ಮ ಮನೆಯಲ್ಲಿ ನಡೆದದ್ದು ಒಂದು ಮನೆಯ ಕಥೆ ಮಾತ್ರವಲ್ಲ. ಬಳ್ಳಾರಿಯ ಮಾದರಿಯನ್ನು ಹಿಡಿದು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 4 ಜಿಲ್ಲೆಗಳಲ್ಲಿ ಮೊದಲಾಯಿತು; ಈಗ 700ಕ್ಕೂ ಮಿಕ್ಕ ಜಿಲ್ಲೆಗಳಿಗೆ ಮಂಜೂರಾಗಿದೆ. ಆದರೆ ಹರಡಿದಷ್ಟು ಆಳಕ್ಕೆ ಇಳಿಯಲಿಲ್ಲ. ಎಷ್ಟೋ ಕಡೆ ತರಬೇತಿ ಎಂದರೆ ಒಮ್ಮೆ ಕೂರಿಸಿ ಒಮ್ಮೆ ಎಬ್ಬಿಸುವುದಾಯಿತು. ಬಳ್ಳಾರಿಯಲ್ಲಿ ತಿಂಗಳು ತಿಂಗಳೂ ನಡೆಯುತ್ತಿದ್ದ ಪರಿಶೀಲನೆ ಹಿಂದೆ ಬಿದ್ದಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಸರಪಳಿ ಬಿಗಿದಿದ್ದ ರೋಗಿಗಳ ಕೊಟ್ಟಿಗೆಗೆ ಬೆಂಕಿ ಬಿದ್ದು 28 ಜನ ಸತ್ತರು. ಹಳ್ಳಿಯಲ್ಲಿ ಬಾಗಿಲು ತಟ್ಟುವವರು ಇಲ್ಲದಿದ್ದಾಗ ಮನೆಯವರು ಎಲ್ಲಿಗೆ ಹೋಗುತ್ತಾರೆಂಬುದನ್ನು ಆ ಬೆಂಕಿ ತೋರಿಸಿತು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಕಾಯಿಲೆಯನ್ನನುಸರಿಸಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಹಾಗಾದರೆ ಆ ಪಾಠವೇ ಸುಳ್ಳೆ? ಅಲ್ಲವೆಂದು ತೋರಿಸಿದವರುಂಟು. ಗೋವೆಯಲ್ಲಿ ಡಾಕ್ಟರ್ ವಿಕ್ರಮ್ ಪಟೇಲ್ ಅವರ ತಂಡ, ವೈದ್ಯರಲ್ಲದ ಸಾಮಾನ್ಯ ಜನರನ್ನು ಆಪ್ತಸಲಹೆಗೆ ತಯಾರು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ, ಆತಂಕಗಳಿಂದ ಬಳಲುವವರು ಹೆಚ್ಚು ಮಂದಿ ಚೇತರಿಸಿಕೊಂಡರೆಂದು 2010ರಲ್ಲಿ ತೋರಿಸಿತು. ಆಫ್ರಿಕದ ಜಿಂಬಾಬ್ವೆಯಲ್ಲಿ ಡಾಕ್ಟರ್ ಡಿಕ್ಸನ್ ಚಿಬಂದ 2006ರಿಂದ ಅಜ್ಜಿಯರಿಗೆ ಕಲಿಸಿ, ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿಯೂ ‘ಖಿನ್ನತೆ’ ಎಂಬ ವೈದ್ಯಪದ ನಡೆಯಲಿಲ್ಲ. ಶೋನ ಭಾಷೆಯ ‘ಕುಫುಂಗಿಸಿಸ’ ಎಂಬ ಮಾತು ನಡೆಯಿತು. ‘ಅತಿಯಾಗಿ ಯೋಚನೆ ಮಾಡುವುದು’ ಎಂದು ಅದರ ಅರ್ಥ. ನಮ್ಮವರು ‘ಯೋಚನೆ ಹತ್ತೈತಿ’ ಎನ್ನುವುದಿಲ್ಲವೆ? ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ 2005ರಿಂದ ನಿಮ್ಹಾನ್ಸಿನವರು ತೀವ್ರ ಕಾಯಿಲೆಯವರನ್ನು ಊರೂರಿನಲ್ಲಿ ಗುರುತಿಸಿ, ಬಿಡದೆ ಹಿಂಬಾಲಿಸಿ ಚಿಕಿತ್ಸೆ ನಡೆಸಿಕೊಂಡು ಬಂದಿದ್ದಾರೆ. ಗೆದ್ದ ಕಡೆಗಳಲ್ಲೆಲ್ಲ ಕಾಣುವ ಸಂಗತಿ ಒಂದೇ: ಕಲಿಸಿದವರು ಕಲಿಸಿ ಎದ್ದುಹೋಗಲಿಲ್ಲ. ಕಲಿತವರ ಬಳಿಗೆ ಮತ್ತೆ ಮತ್ತೆ ಬಂದರು, ತಪ್ಪು ತಿದ್ದಿದರು, ಅವರ ದಣಿವನ್ನೂ ವಿಚಾರಿಸಿದರು. ರೋಗಿಗೆ ಸಹಾಯಕಿ ಹೇಗೋ, ಸಹಾಯಕಿಗೆ ಅವಳನ್ನು ಕಲಿಸಿದವರು ಹಾಗೆ.

ಚೀಟಿ ಸಿಕ್ಕ ಮಾರನೆಯ ದಿನ ಊರಿನ ಆಶಾ ಕಾರ್ಯಕರ್ತೆ ದಾರಿಯಲ್ಲಿ ಸಿಕ್ಕರು. ಕಂಕುಳಲ್ಲಿ ರಿಜಿಸ್ಟರುಗಳ ಕಟ್ಟು. ಬಸುರಿಯರದೊಂದು, ಕೂಸುಗಳದೊಂದು, ಸಕ್ಕರೆ ಕಾಯಿಲೆಯವರದೊಂದು. ಮನಸ್ಸಿನ ಕಾಯಿಲೆಯ ಬಗ್ಗೆ ನಿಮಗೆ ಪಾಠ ಆಗಿದೆಯೇನಮ್ಮ ಎಂದು ಕೇಳಿದೆ. “ಆಗೈತಿ ಸರ್. ಮೊದ್ಲು ನಿದ್ದಿ ಕೇಳ್ತೀನಿ” ಎಂದರು. ನನ್ನ ಕಣ್ಣು ಮಂಜಾದದ್ದು ಅವರಿಗೆ ಕಂಡಿತೋ ಇಲ್ಲವೋ. ಸಾವರಿಸಿಕೊಂಡು, “ಆಮೇಲೆ ನಿಮ್ಮನ್ನು ಬಂದು ಕೇಳುವವರು ಯಾರಮ್ಮ?” ಎಂದೆ.

ಅವರು ಏನೋ ಹೇಳಹೊರಟು ನಕ್ಕುಬಿಟ್ಟರು. ರಿಜಿಸ್ಟರುಗಳನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿಕೊಂಡು ಮುಂದಿನ ಮನೆಯ ಕಡೆಗೆ ನಡೆದರು.